ಪರದೆಯೊಳಗಿನ ಕೈ

ಮುದ್ದೇಬಿಹಾಳದಲ್ಲಿ ಕಾಲೇಜು ಶುರುವಾದ ಮೇಲೆ ಗುಡುಸಾಬನ ಮನೆಯ ಮುಂದಿನ ಕಟ್ಟೆ ಒಂದು ದಿನವೂ ಖಾಲಿ ಉಳಿಯಲಿಲ್ಲ. ಗುಡುಸಾಬ ಗರಡಿಯ ಉಸ್ತಾದ. ಮುರಿದ ಎಲುಬು ಕೂಡಿಸುವುದರಲ್ಲಿ ಅವನ ಹೆಸರು ನಾಲತವಾಡ ದಾಟಿ ಹೋಗಿತ್ತು. ಮೊದಲೆಲ್ಲ ಬಂಡಿಯಿಂದ ಬಿದ್ದವರು, ಕುಸ್ತಿಯಲ್ಲಿ ತೋಳು ತಪ್ಪಿಸಿಕೊಂಡವರು ಬರುತ್ತಿದ್ದರು. ಈಗ ಕಾಲೇಜಿನ ಹುಡುಗರ ಸರದಿ. ಕಬಡ್ಡಿಯಂಥ ಹುತುತೂ ಆಡಿ ಬೆರಳು ಮುರಿದುಕೊಂಡವ, ಎತ್ತರ ಜಿಗಿದು ಮೊಣಕೈ ತಪ್ಪಿಸಿಕೊಂಡವ, ಹುಡುಗಿಯರು ನೋಡಲಿ ಎಂದು ಹಿಂದಕ್ಕೆ ಲಾಗ ಹೊಡೆದು ಕತ್ತು ಉಳುಕಿಸಿಕೊಂಡವ. ಒಬ್ಬನಿಗೆ ಪೆಟ್ಟಾದರೆ ಹೊತ್ತು ತರುವವರು ಆರು ಮಂದಿ, ಹಿಂದಿನಿಂದ ಗದ್ದಲ ಮಾಡಿಕೊಂಡು ಬರುವವರು ಹತ್ತು ಮಂದಿ. ಗುಡುಸಾಬ ಕೈ ಹಾಕುವುದಕ್ಕೂ ಮೊದಲೇ ಆ ಮಹಾರಾಯ ಊರು ಕೇಳುವಂತೆ ಚೀರುತ್ತಿದ್ದ. ಕೊರಳಿಗೆ ಜೋಳಿಗೆ ಕಟ್ಟಿಸಿಕೊಂಡು ಮರುದಿನ ಬಜಾರದಲ್ಲಿ ತಿರುಗುವಾಗ ಮಾತ್ರ ಯುದ್ಧ ಗೆದ್ದು ಬಂದವನ ಠೀವಿ.

ಒಳಗೆ ಜೋಳ ಹಸನು ಮಾಡುತ್ತ ಕೂತ ಗುಡುಸಾಬನ ಹೆಂಡತಿ ದಾವಲಬಿ ಈ ಚೀರಾಟ ಕೇಳಿ ನಗುತ್ತಿದ್ದಳು. ದನಿ ಕೇಳಿಯೇ ಅವಳು ಹೇಳುತ್ತಿದ್ದಳು, ಇದು ಎಲುಬು, ಇದು ನರ, ಇದು ಬರೀ ಹೆದರಿಕೆ. ಮೂವತ್ತೈದು ವರ್ಷ ಆ ಮನೆಯಲ್ಲಿ ಬಾಳಿದವಳಿಗೆ ಅಷ್ಟೂ ತಿಳಿಯದಿದ್ದರೆ ಹೇಗೆ? ಗಂಡ ಹೇಳಿಕೊಟ್ಟದ್ದೂ ಅದನ್ನೇ. ಎಲುಬಿನ ನೋವು ಬಾಯಿಯ ಅಪ್ಪಣೆ ಕೇಳುವುದಿಲ್ಲ, ಒತ್ತಿದೊಡನೆ ಚೀರಾಗಿ ಹೊರಗೆ ಬೀಳುತ್ತದೆ. ನರದ ನೋವು ನರಳುತ್ತದೆ, ಅಷ್ಟೆ. ಎಲುಬಾದರೆ ಬಿದಿರಿನ ದಬ್ಬೆ ಕಟ್ಟಿ ಆರು ವಾರ ಅಲುಗಾಡಿಸದೆ ಕೂರಿಸುವುದು. ನರವಾದರೆ ಕುಸುಬಿ ಎಣ್ಣೆ ಬಿಸಿ ಮಾಡಿ ಹತ್ತು ದಿನ ತಿಕ್ಕಿ ನಡೆದಾಡಿಸುವುದು. ಒಂದಕ್ಕೆ ಮಾಡುವುದನ್ನು ಇನ್ನೊಂದಕ್ಕೆ ಮಾಡಿದರೆ ಮನುಷ್ಯ ಜನ್ಮಕ್ಕೆ ಕುಂಟ.

ಹೆಂಗಸರು ಬಂದಾಗ ದಾವಲಬಿಯೂ ಆ ವಿದ್ಯೆಯಲ್ಲಿ ಪಾಲುದಾರಳಾಗುತ್ತಿದ್ದಳು. ಮನೆಯವರನ್ನು ಬಿಟ್ಟು ಬೇರೆ ಹೆಣ್ಣಿನ ಮೈಮೇಲೆ ಕೈ ಇಡುವುದಿಲ್ಲ ಎಂದು ಗುಡುಸಾಬ ಎಳೆಯ ವಯಸ್ಸಿನಲ್ಲೇ ತನ್ನ ಉಸ್ತಾದನಿಗೆ ಮಾತು ಕೊಟ್ಟಿದ್ದ. ಅದಕ್ಕೇ ಪಡಸಾಲೆಗೂ ಒಳಕೋಣೆಗೂ ನಡುವೆ ಒಂದು ಹಸಿರು ಚಾದರ ಇಳಿಬಿಟ್ಟಿತ್ತು. ಹೆಂಗಸರು ಅದರ ಒಳಗೆ ದಾವಲಬಿಯ ಮುಂದೆ ಕೂಡಬೇಕು. ಗುಡುಸಾಬ ಹೊರಗೆ ಕೂತು ಎಲ್ಲಿ ಒತ್ತಬೇಕು, ಹೇಗೆ ಒತ್ತಬೇಕು ಎಂದು ಹೇಳಬೇಕು. ಕೈ ಹೆಂಡತಿಯದು, ಕಿವಿ ಗಂಡನದು. ಬರುತ್ತಿದ್ದವರು ವರ್ಷಕ್ಕೆ ನಾಲ್ಕೈದು ಮಂದಿ, ಅವರೂ ನಾಲ್ಕು ಹೆತ್ತವರು, ಹೊಲದಲ್ಲಿ ದುಡಿದವರು, ಚೀರಲು ನಾಚುವ ವಯಸ್ಸು ದಾಟಿದವರು. ಹೀಗಾಗಿ ಗುಡುಸಾಬನ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಗಂಡಸರ ಗಂಟಲಿನಿಂದ ಕಲಿತ ವಿದ್ಯೆ ಎಲ್ಲರಿಗೂ ಸಲ್ಲುತ್ತದೆ ಎಂದು ಅವನು ನಂಬಿದ್ದ. ದಾವಲಬಿಯೂ ನಂಬಿದ್ದಳು. ಊರೇ ನಂಬಿತ್ತು, ಅವರಿಬ್ಬರನ್ನೇ ಯಾಕೆ ಬೈಯಬೇಕು?

ಕಾಲೇಜಿನಲ್ಲಿ ಆಟ ಕಲಿಸುವ ಪರಪ್ಪ ಮಾಸ್ತರನ ಹತ್ತಿರ ಒಂದು ಗೆರೆ ಹೊಡೆದ ಪುಸ್ತಕವಿತ್ತು. ಯಾರಿಗೆ ಪೆಟ್ಟಾಯಿತು, ಯಾವ ಆಟದಲ್ಲಿ, ಮೈಯ ಯಾವ ಭಾಗಕ್ಕೆ, ಎಷ್ಟು ದಿನ ವಿಶ್ರಾಂತಿ, ಎಲ್ಲ ಬರೆದಿಡಬೇಕೆಂದು ಪ್ರಿನ್ಸಿಪಾಲರ ಕಟ್ಟಪ್ಪಣೆ. ತಿಂಗಳಿಗೊಮ್ಮೆ ಪರಪ್ಪ ಕಟ್ಟೆಯ ಮೇಲೆ ಕೂತು ಗುಡುಸಾಬನನ್ನು ಕೇಳಿ ಬರೆದುಕೊಳ್ಳುತ್ತಿದ್ದ. ಎರಡನೇ ವರ್ಷದ ದೀಪಾವಳಿಯ ಹೊತ್ತಿಗೆ ಪುಸ್ತಕದಲ್ಲಿ ಮೂವತ್ತೊಂದು ಹುಡುಗರಿದ್ದರು. ಹುಡುಗಿಯರ ಪುಟ ಖಾಲಿ ಇತ್ತು.

"ಹುಡುಗ್ಯಾರು ಭಾಳ ಹುಷಾರದಾರ ನೋಡ್ರಿ ಉಸ್ತಾದ" ಎಂದ ಪರಪ್ಪ. "ಒಂಬತ್ತು ಮಂದಿ ದಿನಾ ಖೊಖೊ ಆಡತಾರ. ಒಬ್ಬಾಕಿಗೂ ಒಂದು ಪೆಟ್ಟಿಲ್ಲ."

"ಅವ್ರು ನೋಡಕೊಂಡ ಆಡತಾರೋ ಮಾಸ್ತರ. ನಿನ್ನ ಹುಡುಗೂರು ಆಕಾಶ ನೋಡಕೋತ ಓಡತಾವು."

ಒಳಗೆ ದಾವಲಬಿಯ ಕೈ ಮೊರದ ಮೇಲೆ ನಿಂತಿತು. ಹೋದ ವಾರವಷ್ಟೇ ಕಾಸಿಂಸಾಬನ ಮಗಳು, ಖೊಖೊ ಆಡುವ ಸೈದಾಬಿ, ಹಿಂದಿನ ಬಾಗಿಲಿನಿಂದ ಬಂದು, ಮೊಣಕಾಲಿಗೆ ಅರಿಶಿಣ ಸುಣ್ಣ ಕಲಸಿ ಹಚ್ಚಿಸಿಕೊಂಡು, ಅಪ್ಪನಿಗೆ ಹೇಳಬೇಡಿರೆಂದು ಕೈ ಮುಗಿದು ಹೋಗಿದ್ದಳು. ಅವಳಿಗಿಂತ ಮೊದಲು ಇನ್ನಿಬ್ಬರು ಬಂದಿದ್ದರು. ಹೇಳಬೇಡ ಎಂದವರ ಮಾತನ್ನು ದಾವಲಬಿ ಹೇಳುವವಳಲ್ಲ. ಖಾಲಿ ಪುಟ ಖಾಲಿಯಾಗಿಯೇ ಉಳಿಯಿತು.

ರಂಗೂಬಾಯಿ ಬಂದದ್ದು ಸಂಕ್ರಾಂತಿ ಮುಗಿದ ಮೇಲೆ. ಮಾಮಲೇದಾರ ಕಚೇರಿಯ ಕಾರಕೂನ ನಾರಾಯಣರಾಯರ ಮಗಳು, ಹದಿನೆಂಟು ವರ್ಷ. ಅಜ್ಜಿಯ ಹೆಸರಿಟ್ಟಿದ್ದರು. ಹೆಸರು ಮುದುಕಿಯದಾದರೂ ಕಾಲು ಜಿಂಕೆಯದು. ಸೆರಗು ಸೊಂಟಕ್ಕೆ ಬಿಗಿದು ಓಡಿದಳೆಂದರೆ ಆಚೆ ಮೈದಾನದಲ್ಲಿದ್ದ ಹುಡುಗರೂ ಆಟ ಬಿಟ್ಟು ನೋಡುತ್ತಿದ್ದರು. ಫೆಬ್ರವರಿ ಕೊನೆಗೆ ಧಾರವಾಡದಲ್ಲಿ ಕಾಲೇಜು ಕಾಲೇಜುಗಳ ಪಂದ್ಯವಿತ್ತು. ತಂಡದ ಮುಂದಾಳು ಇವಳೇ. ಅಲ್ಲಿ ಗೆದ್ದರೆ ಮುಂದೆ ಆಟ ಕಲಿಸುವ ಶಿಕ್ಷಣಕ್ಕೆ ಶಿಫಾರಸು ಮಾಡಿಸುತ್ತೇನೆಂದು ಪರಪ್ಪ ಹೇಳಿದ್ದ. ಅಂದಿನಿಂದ ಹುಡುಗಿಯ ನಿದ್ದೆಯಲ್ಲೂ ಧಾರವಾಡ. ಮೂರು ದಿನದ ಹಿಂದೆ ಓಡುತ್ತ ಕಂಬಕ್ಕೆ ಕಾಲು ಬಡಿದು ಬಿದ್ದಿದ್ದಳು. ಎದ್ದು ನಕ್ಕು, ಆಟ ಮುಗಿಸಿ, ನಡೆದೇ ಮನೆಗೆ ಹೋಗಿದ್ದಳು. ತಾಯಿ ರುಕ್ಮಿಣೀಬಾಯಿ ಗಂಡನಿಗೆ ಗೊತ್ತಾಗದಂತೆ ಮೂರು ದಿನ ಶಾಖ ಕೊಟ್ಟಳು. ನಾಲ್ಕನೆಯ ದಿನ ಹುಡುಗಿ ಗೋಡೆ ಹಿಡಿದು ನಡೆಯುವುದು ರಾಯರ ಕಣ್ಣಿಗೆ ಬಿತ್ತು. ಆಗಲೇ ಅವಳನ್ನು ಗುಡುಸಾಬನಲ್ಲಿಗೆ ಕರೆತಂದರು.

ಆ ಹೊತ್ತು ಕಟ್ಟೆಯ ಮೇಲೆ ಚಾಂದಸಾಬನೆಂಬ ಹುಡುಗ ಮುರಿದ ಮುಂಗೈಗೆ ದಬ್ಬೆ ಕಟ್ಟಿಸಿಕೊಂಡು ಕೂತಿದ್ದ. ಜೊತೆಗೆ ಅವನನ್ನು ಹೊತ್ತು ತಂದ ದಂಡು. ಎಲ್ಲರೂ ರಂಗೂವಿನ ತರಗತಿಯವರೇ. ಅವರ ನಡುವೆಯೇ ಅವಳು ತಲೆ ತಗ್ಗಿಸಿ ಒಳಗೆ ಹೋದಳು. ರಾಯರು ಪಡಸಾಲೆಯಲ್ಲಿ ನಿಂತು, ಪರದೆಯ ಆಚೆಗೂ ಕೇಳುವ ಹಾಗೆ ಹೇಳಿದರು.

"ಗುಡುಸಾಬ, ನರ ಇದ್ರ ಎಣ್ಣಿ ತಿಕ್ಕಸೋಣ. ಎಲುಬು ಮುರದಿದ್ರ ಕಾಲೇಜು ಇವತ್ತಿಗೆ ಸಾಕು. ಇಂಡಿಯೊಳಗ ನಮ್ಮಕ್ಕ ಇದ್ದಾಳ, ಅಲ್ಲೆ ಕಳಸಿಬಿಡ್ತೀನಿ. ಕೈಕಾಲು ಊನ ಮಾಡ್ಕೊಂಡ ಹುಡುಗೀನ್ನ ಯಾರು ನೋಡ್ಲಿಕ್ಕೆ ಬರ್ತಾರ, ನೀವೇ ಹೇಳ್ರಿ."

ರಾಯರು ಕೆಟ್ಟವರಲ್ಲ. ಮಗಳನ್ನು ಕಾಲೇಜಿಗೆ ಹಾಕಿದ್ದಕ್ಕೆ ಬಂಧುಗಳಿಂದ ಸಾಕಷ್ಟು ಮಾತು ಕೇಳಿದವರು. ಆದರೆ ಆಡಬಾರದ ಹೊತ್ತಿನಲ್ಲಿ ಆಡಬಾರದ ಮಾತು ಆಡಿದರು.

ದಾವಲಬಿ ಹುಡುಗಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಎಲ್ಲೆ ಬಾತೈತಿ?" ಹೊರಗಿನಿಂದ ಗುಡುಸಾಬ ಕೇಳಿದ.

"ಹೊರಮಗ್ಗಲ ಹರಡಿನ ಮ್ಯಾಲ್ರಿ. ನೀಲಿಗಟ್ಟೈತಿ."

"ಹೆಬ್ಬಟ್ಟು ಇಟ್ಟು ಕೆಳಗಿಂದ ಮ್ಯಾಲೆ ಒತ್ತಿಕೋತ ಬಾ."

ಒತ್ತುತ್ತ ಬಂದಳು. ಹರಡಿನಿಂದ, ಅಂದರೆ ಪಾದದ ಗಿಣ್ಣಿನಿಂದ, ಎರಡು ಬೆರಳು ಮೇಲೆ ಹೆಬ್ಬಟ್ಟಿನ ಕೆಳಗೆ ಏನೋ ಹೊರಳಿತು, ಒದ್ದೆ ಬಟ್ಟೆಯ ಕೆಳಗೆ ಜೋಳದ ಕಾಳು ಹೊರಳಿದ ಹಾಗೆ. ರಂಗೂವಿನ ಮೈ ಬಿಲ್ಲಿನಂತೆ ಬಾಗಿತು. ಕಣ್ಣಿನಿಂದ ನೀರು ದಳದಳ ಸುರಿಯಿತು. ಬಾಯಲ್ಲಿ ಮಾತ್ರ ಸೆರಗಿನ ಮುದ್ದೆ ತುರುಕಿತ್ತು. ತುಟಿಪಿಟಕ್ಕೆನ್ನಲಿಲ್ಲ ಹುಡುಗಿ.

"ಚೀರಿದಳೇನು?" ಗುಡುಸಾಬ ಕೇಳಿದ. ಕಟ್ಟೆಯ ಮೇಲೆ ಹುಡುಗರ ಗದ್ದಲವಿತ್ತಲ್ಲ, ಖಾತ್ರಿ ಮಾಡಿಕೊಳ್ಳಬೇಕು.

"ಇಲ್ರಿ." ಆಮೇಲೆ ಸೇರಿಸಿದಳು. "ಬೆರಳಿಗೆ ಏನೋ ಸರಿದಂಗಾತ್ರಿ."

"ನರಾನೂ ಸರೀತೈತಿ. ಇನ್ನೊಮ್ಮಿ ಒತ್ತು, ಜೋರಲೆ."

ರಂಗೂ ಅವಳ ಮುಂಗೈ ಹಿಡಿದುಕೊಂಡಳು. ಬಾಯಿಂದ ಸೆರಗು ತೆಗೆದು, ಉಸಿರಿನಲ್ಲೇ ಹೇಳಿದಳು. "ಮಾವಶಿ, ನರ ಅನ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮಾವಶಿ ಎಂದರೆ ತಾಯಿಯ ತಂಗಿ. ಮಕ್ಕಳಿಲ್ಲದ ದಾವಲಬಿಯನ್ನು ಯಾರೂ ಹಾಗೆ ಕರೆದಿರಲಿಲ್ಲ. ಅವಳು ಮತ್ತೆ ಒತ್ತಿದಳು, ಜೋರಾಗಿ ಅಲ್ಲ.

"ಈಗ?"

"ಇಲ್ರಿ. ಚೀರಲಿಲ್ಲ."

"ಹಂಗಾರ ನರ ಐತಿ" ಎಂದ ಗುಡುಸಾಬ ಗೆದ್ದ ದನಿಯಲ್ಲಿ. "ಚಿಂತೀ ಬಿಡ್ರಿ ರಾಯರ. ಹತ್ತ ದಿವಸ ಎಣ್ಣಿ ತಿಕ್ಕಿದ್ರ ಓಡ್ಯಾಡತಾಳ."

ಆ ಹತ್ತು ದಿನ ದಾವಲಬಿ ಹೇಗೆ ಕಳೆದಳೋ ಅವಳಿಗೇ ಗೊತ್ತು. ಮಧ್ಯಾಹ್ನ ಕಾಲೇಜು ಬಿಟ್ಟೊಡನೆ ರಂಗೂ ಬರುತ್ತಿದ್ದಳು. ಕುಸುಬಿ ಎಣ್ಣೆಯ ಬಟ್ಟಲು, ತೊಡೆಯ ಮೇಲೆ ಕಾಲು, ಬಾಯಲ್ಲಿ ಸೆರಗು ಇಲ್ಲವೇ ಕರವಸ್ತ್ರ. ಹೊರಗಿನಿಂದ ಗುಡುಸಾಬ, ಮೇಲಿನಿಂದ ಕೆಳಗೆ ತಿಕ್ಕು, ಕೈ ಬಿಗಿ ಇರಲಿ ಎನ್ನುತ್ತಿದ್ದ. ಮೊದಲ ಮೂರು ದಿನ ಅವಳು ಬಿಗಿಯಾಗಿಯೇ ತಿಕ್ಕಿದಳು. ಗಂಡನ ಮಾತು ಸುಳ್ಳಾಗದಿರಲಿ, ತನ್ನ ಬೆರಳೇ ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತ ತಿಕ್ಕಿದಳು. ಕಾಳು ಹೊರಳುತ್ತಲೇ ಇತ್ತು. ನಾಲ್ಕನೆಯ ದಿನದಿಂದ ತಿಕ್ಕಿದ ಹಾಗೆ ಮಾಡಿ ಸುಮ್ಮನೆ ಕೈಯಾಡಿಸತೊಡಗಿದಳು.

ಒಂದು ದಿನ ತಡೆಯಲಾರದೆ ಹೇಳಿದಳು. "ತಂಗೀ, ಅವ್ರಿಗಿ ಹೇಳೂಣು. ಈಗರೆ ದಬ್ಬಿ ಕಟ್ಟಿದ್ರ ಕೂಡತೈತಿ. ಆರೇ ವಾರ."

"ಆರು ವಾರದಾಗ ನಾ ಇಂಡಿಯೊಳಗ ಅತ್ಯಾನ ಮನ್ಯಾಗ ಭಾಂಡಿ ತಿಕ್ಕೋತ ಇರ್ತೀನಿ ಮಾವಶಿ. ಧಾರವಾಡದ್ದು ಒಂದು ಮುಗೀಲಿ. ಆಮ್ಯಾಲೆ ನಾನ ಹೇಳ್ತೀನಿ, ನಿಮ್ಮಾಣೆ."

"ಅಷ್ಟ ನೋವಾಗತೈತಲ್ಲ, ಹೆಂಗ ತಡಕೋತಿ ನೀ?"

"ಚಾಂದಸಾಬ ಬಿದ್ರ ಅವರವ್ವ ತತ್ತಿ ಹಾಲು ಕೊಡ್ತಾಳ. ಜೋಳಗಿ ಮ್ಯಾಲೆ ಎಲ್ಲಾರೂ ಹೆಸರು ಬರದು ಕೊಟ್ಟಾರ. ನಾ ಬಿದ್ರ..." ರಂಗೂ ಅಲ್ಲಿಗೇ ನಿಲ್ಲಿಸಿ ಕಾಲಿನ ಕಡೆ ನೋಡಿದಳು. "ಹಚ್ರಿ ಮಾವಶಿ, ಹೊತ್ತಾತು."

ಹತ್ತನೆಯ ದಿನ ಬಾವು ಇಳಿದಿತ್ತು. ರಂಗೂ ಅಂಗಳದಲ್ಲಿ ನಡೆದು ತೋರಿಸಿದಳು. ಗುಡುಸಾಬ ಹಿಗ್ಗಿ ಹೀರೇಕಾಯಿಯಾದ. ರೊಟ್ಟಿ ಉಣ್ಣುತ್ತ, "ನೋಡಿದೆಲ್ಲ, ಈ ಕಿವಿ ಯಾವತ್ತೂ ಸುಳ್ಳ ಹೇಳಂಗಿಲ್ಲ" ಎಂದ. ದಾವಲಬಿ ಇನ್ನೊಂದು ರೊಟ್ಟಿ ಹಾಕಿದಳು. ಈಗ ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಹುಡುಗಿ ನಡೆದಳಲ್ಲ, ದೇವರು ದೊಡ್ಡವನು, ತಾನಾಗಿಯೇ ಕೂಡಿದ್ದರೂ ಕೂಡಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಅವಳು ಎತ್ತಿಟ್ಟಿದ್ದ ಎಣ್ಣೆಯ ಬಟ್ಟಲಿನ ಪಕ್ಕದಲ್ಲಿ ರಂಗೂ ಮರೆತು ಹೋದ ಕರವಸ್ತ್ರ ಬಿದ್ದಿತ್ತು. ಅದರ ಅಂಚಿನ ತುಂಬ ಹಲ್ಲಿನ ತೂತುಗಳು.

ಧಾರವಾಡಕ್ಕೆ ಹೋಗುವ ಮುಂಚೆ ಬಸವನ ಬಾಗೇವಾಡಿಯಲ್ಲಿ ಒಂದು ರೂಢಿಯ ಆಟ ಇಟ್ಟುಕೊಂಡಿದ್ದರು. ಅಲ್ಲಿ ಕಂಬದ ಹತ್ತಿರ ಗರ್ರನೆ ತಿರುಗುವಾಗ ರಂಗೂವಿನ ಕಾಲು ಮಡಚಿತು. ಲಟಕ್ಕೆಂದ ಸದ್ದು ನೋಡುತ್ತ ನಿಂತವರಿಗೂ ಕೇಳಿಸಿತಂತೆ. ಪರಪ್ಪನೇ ಬಂದು ಗುಡುಸಾಬನ ಮುಂದೆ ಹೇಳಿದ. "ಎಲುಬು ಚರ್ಮ ಹರದು ಹೊರಗ ಬಂದಿತ್ರಿ ಉಸ್ತಾದ. ಹುಡುಗಿ ಒಂದ ಸದ್ದು ಮಾಡಲಿಲ್ಲ. ಸುತ್ತ ಮಂದಿ ಇದ್ರು, ಸೆರಗು ಕಚಕೊಂಡ ಮಕ್ಕೊಂಡಿದ್ಲು."

ವಿಜಾಪುರದಲ್ಲಿ ಕಾಲಿನ ಎಕ್ಸರೇ ತೆಗೆದರು. ಎಲುಬು ಮುರಿದು ತಿಂಗಳ ಮೇಲಾಗಿದೆ, ಮೊದಲೇ ಕಟ್ಟಿದ್ದರೆ ಗುರುತೂ ಉಳಿಯುತ್ತಿರಲಿಲ್ಲ, ತಿಕ್ಕಿ ತಿಕ್ಕಿ ಜಾಗ ಬಿಡಿಸಿದ್ದಾರೆ ಎಂದರು ಡಾಕ್ಟರು. ಅಲ್ಲಿಂದ ಮಿರಜಕ್ಕೆ ಒಯ್ದರು. ಎರಡು ಸಲ ಕೊಯ್ದರು. ಪ್ರಾಣಕ್ಕೆ ಧಕ್ಕೆಯಾಗಲಿಲ್ಲ. ಪಾದ ಮಾತ್ರ ಒಳಕ್ಕೆ ತಿರುಗಿ, ಕಾಲು ಒಂದು ಅಂಗುಲ ಗಿಡ್ಡವಾಗಿ ಉಳಿಯಿತು.

ಪರಪ್ಪನ ಪುಸ್ತಕದಲ್ಲಿ ಹುಡುಗಿಯರ ಪುಟಕ್ಕೆ ಮೊದಲ ಹೆಸರು ಬಂತು. ಆಡಳಿತ ಮಂಡಳಿಯವರು ಅದನ್ನು ನೋಡಿ ಸಭೆ ಮಾಡಿದರು. ಹುಡುಗಿಯರ ಎಲುಬು ಮೆತ್ತಗೆ, ಅವರಿಗೆ ಓಡುವ ಆಟ ಬೇಡ ಎಂದು ಠರಾವು ಪಾಸಾಯಿತು. ಮೂವತ್ತೊಂದು ಹುಡುಗರು ಮುರಿದುಕೊಂಡಾಗ ಯಾರೂ ಸಭೆ ಮಾಡಿರಲಿಲ್ಲ.

ಎರಡು ತಿಂಗಳಾದ ಮೇಲೆ ನಾರಾಯಣರಾಯರು ಬಂದು ಕಟ್ಟೆಯ ಮೇಲೆ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

"ನಿಮ್ಮ ತಪ್ಪು ಏನೂ ಇಲ್ಲ ಗುಡುಸಾಬ. ನೋವಾದ್ರ ಆಕಿ ಹೇಳಬೇಕಾಗಿತ್ತು. ಬಾಯಿ ಇತ್ತಲ್ಲ."

"ನಾ ಕೇಳಬೇಕಿತ್ರಿ ರಾಯರ" ಎಂದ ಗುಡುಸಾಬ. ಅವರು ಹೋದ ಮೇಲೆ ದಬ್ಬೆಗಳನ್ನೆಲ್ಲ ಒಟ್ಟು ಮಾಡಿ ಒಲೆಯ ಹತ್ತಿರ ಹಾಕಿದ. ಮರುದಿನ ಮೊಣಕಾಲು ಹಿಡಿದುಕೊಂಡು ಬಂದ ಹುಡುಗನನ್ನು ಸಿಂದಗಿಯ ಮಾಳಿಂಗಪ್ಪನ ಕಡೆಗೆ ಹೋಗು ಎಂದು ತಿರುಗಿ ಕಳಿಸಿದ. ಕೇಳಿದವರಿಗೆಲ್ಲ ಒಂದೇ ಮಾತು, ನನ್ನ ಕಿವಿ ಕೆಟ್ಟೈತಿ. ಗರಡಿಗೂ ಹೋಗಲಿಲ್ಲ. ಖಾಲಿ ಕಟ್ಟೆಯ ಮೇಲೆ ತಸಬಿಯ ಜಪಮಣಿ ಎಣಿಸುತ್ತ ಕೂತ ಗಂಡನನ್ನು ದಾವಲಬಿ ಒಳಗಿನಿಂದ ನೋಡುತ್ತಿದ್ದಳು. ಅವನು ದಿನದಿನಕ್ಕೆ ಸಣ್ಣವನಾಗುತ್ತಿದ್ದ. ಇಲ್ಲದ ತಪ್ಪಿಗೆ ಆ ಮನುಷ್ಯ ಸಾಯುವುದನ್ನು ಅವಳಿಂದ ನೋಡಲಾಗಲಿಲ್ಲ. ಒಂದು ಮುಂಜಾನೆ ಚಹದ ಬಟ್ಟಲು ಮುಂದಿಟ್ಟು ಅಲ್ಲೇ ಕೂತಳು.

"ನಿಮ್ಮ ಕಿವಿ ಕೆಟ್ಟಿಲ್ರಿ. ಆಕಿ ಖರೇನ ಚೀರಲಿಲ್ಲ. ಆದ್ರ ನನ್ನ ಬೆರಳಿಗೆ ಗೊತ್ತಿತ್ತು. ಎಲುಬು ಮುರದಿತ್ತು. ಮೊದಲನೇ ದಿವಸನ ಗೊತ್ತಿತ್ತು."

ಗುಡುಸಾಬ ಅವಳ ಕೈ ನೋಡಿದ. "ಯಾಕ ಹೇಳಲಿಲ್ಲ?"

"ನರ ಅನ್ರಿ ಅಂತ ಕಾಲ ಹಿಡಕೊಂಡ್ಲು. ಧಾರವಾಡಕ್ಕ ಹೋಗೂ ಹುಚ್ಚು ಆಕಿಗೆ. ನನ್ನ ಕರುಳ ಕೇಳಲಿಲ್ಲ." ದಾವಲಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ತಲೆಯೆತ್ತಿ ಹೇಳಿದಳು. "ನೀವೂ ಚೀರಿದಳೇನು ಅಂತ ಕೇಳಿದ್ರಿ. ನೋವಾತೇನು ಅಂತ ಒಮ್ಮೆರೆ ಕೇಳಿದ್ರೇನು? ಕೇಳಿದ್ರ ನಾ ಸುಳ್ಳ ಹೇಳತಿದ್ದಿಲ್ಲ."

ಚಹ ಆರಿ ಕೆನೆಗಟ್ಟಿತು. ಗುಡುಸಾಬ ಅವಳನ್ನು ಬೈಯಲಿಲ್ಲ. ಅಂದಿನಿಂದ ಇಬ್ಬರೂ ಒಂದೇ ಭಾರ ಹೊತ್ತು ಒಂದೇ ಮನೆಯಲ್ಲಿ ಸುಮ್ಮನೆ ಓಡಾಡಿಕೊಂಡಿದ್ದರು.

ಜೂನ್ ತಿಂಗಳಲ್ಲಿ ರಂಗೂ ಬಂದಳು, ತಾಯಿಯ ಭುಜ ಹಿಡಿದು, ಇನ್ನೊಂದು ಕೈಯಲ್ಲಿ ಕೋಲು. ಮರುದಿನ ಇಂಡಿಗೆ ಹೊರಟಿದ್ದಳು, ಕೊನೆಗೂ ಸೋದರತ್ತೆಯ ಮನೆಗೇ. ಹೇಳಿ ಹೋಗಲು ಬಂದಿದ್ದಳು. ಕಟ್ಟೆಯ ಮೇಲಿದ್ದ ಗುಡುಸಾಬ ಅವಳ ಕೋಲಿನ ಸದ್ದು ಕೇಳಿ ಎದ್ದು ನಿಂತ, ಮುಖ ನೋಡಲಿಲ್ಲ. ರುಕ್ಮಿಣೀಬಾಯಿ ಅಂಗಳದಲ್ಲೇ ಕೂತಳು. ರಂಗೂ ಒಬ್ಬಳೇ ಪರದೆ ಸರಿಸಿ ಒಳಗೆ ಹೋದಳು, ಹಳೆಯ ಜಾಗದಲ್ಲಿ ಕೂತು, ಹಳೆಯ ಹಾಗೆ ಕಾಲು ಚಾಚಿದಳು.

"ಸ್ವಲ್ಪ ಎಣ್ಣಿ ಹಚ್ಚಿಬಿಡ್ರಿ ಮಾವಶಿ. ಮಳಿಗಾಳಿಗೆ ಭಾಳ ಜಗ್ತದ."

"ಈ ಕೈಲೆ ಬ್ಯಾಡವ್ವಾ" ಎಂದಳು ದಾವಲಬಿ. "ಈ ಕೈ ನಿನ್ನ ಜೀವನಾ ಹಾಳ ಮಾಡೈತಿ."

"ಈ ಕೈಗಿ ಒಂದಕ್ಕ ಗೊತ್ತಿತ್ತು ನನಗ ನೋವಾಗ್ತದಂತ. ಹಚ್ರಿ."

ದಾವಲಬಿ ಬಟ್ಟಲು ತಂದಳು. ಎಣ್ಣೆ ಬಿಸಿ ಮಾಡಿದಳು. ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಿರಜದ ಹೊಲಿಗೆಯ ಗೆರೆಗಳ ನಡುವೆ, ಹರಡಿನಿಂದ ಎರಡು ಬೆರಳು ಮೇಲೆ, ಆ ಜಾಗವನ್ನು ಅವಳ ಹೆಬ್ಬಟ್ಟು ತಾನಾಗಿಯೇ ಹುಡುಕಿಕೊಂಡಿತು. ಒತ್ತಲಿಲ್ಲ, ಸುಮ್ಮನೆ ಇಟ್ಟಳು.

"ಹೊರಗ ಯಾರರೆ ಇದ್ದಾರೇನು ಮಾವಶಿ? ಹುಡುಗ್ರು?"

"ಯಾರೂ ಇಲ್ಲ ನನ್ನವ್ವ. ಅವ್ರೊಬ್ಬರ ಅದಾರ."

ಆಗ ರಂಗೂ ಚೀರಿದಳು. ಒತ್ತದ ಕಾಲಿಗೆ ಚೀರಿದಳು. ಕಂಬಕ್ಕೆ ಬಡಿದ ದಿನದ್ದು, ಹತ್ತು ದಿನ ತಿಕ್ಕಿಸಿಕೊಂಡದ್ದು, ಬಾಗೇವಾಡಿಯ ಮಣ್ಣಿನಲ್ಲಿ ಮಲಗಿದ್ದು, ಧಾರವಾಡ ತಪ್ಪಿಹೋದದ್ದು, ಎಲ್ಲ ಸೇರಿ ಒಂದೇ ಸಲಕ್ಕೆ ಹೊರಗೆ ಬಂತು. ಓಣಿಯ ಕೊನೆಯ ಮನೆಯವರೂ ಹೊರಗೆ ಬಂದು ನಿಂತರು. ಅಂಗಳದಲ್ಲಿ ರುಕ್ಮಿಣೀಬಾಯಿ ಎದ್ದವಳು ಮತ್ತೆ ಕುಸಿದು ಕೂತು ಮುಖ ಮುಚ್ಚಿಕೊಂಡಳು.

ಪರದೆಯ ಆಚೆ ತಸಬಿ ಕೆಳಗೆ ಬಿದ್ದ ಸದ್ದಾಯಿತು. ಪಡಸಾಲೆಗೆ ಬಂದು ನಿಂತಿದ್ದ ಗುಡುಸಾಬನ ದನಿ ಬಂತು. ಊರೆಲ್ಲ ಕೇಳಿದ್ದನ್ನು ತಾನೊಬ್ಬನೇ ಕೇಳಿಲ್ಲವೇನೋ ಎಂಬಂತೆ ಮೆಲ್ಲಗೆ ಕೇಳಿದ.

"ಚೀರಿದಳೇನು?"

"ಹೌದ್ರಿ" ಎಂದಳು ದಾವಲಬಿ. "ಚೀರಿದಳು."

"ಹಂಗಾರ ಎಲುಬ ಐತಿ" ಎಂದ ಗುಡುಸಾಬ, ಮತ್ತೆ ಅದನ್ನೇ ಹೇಳಿದ. ಆಮೇಲೆ ಆ ಪರದೆಯ ಆಚೆಯಿಂದ ಮುದುಕ ಅಳುವುದು ಕೇಳಿಸಿತು.

ರಂಗೂವಿನ ಕೈ ರೂಢಿಯಂತೆ ಸೆರಗನ್ನು ಬಾಯಿಗೆ ಒಯ್ಯಲು ಮೇಲೆದ್ದಿತ್ತು. ದಾವಲಬಿ ಆ ಕೈಯನ್ನು ತನ್ನ ಎಣ್ಣೆಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು, ಅವಳ ಅಳು ಮುಗಿಯುವವರೆಗೂ ಬಿಡಲಿಲ್ಲ.